ವಸೂಲಿ ಏಜೆಂಟರ ಫೋನ್, ಹಾಳಾದ ಸಿಬಿಲ್: ಸಾಲ ಪಡೆದವರಿಗೆ ಇರುವ ಹಕ್ಕುಗಳು

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. 2021ರಲ್ಲಿ ಬ್ಯಾಂಕೊಂದರಿಂದ 1,50,000 ರೂಪಾಯಿ ವೈಯಕ್ತಿಕ ಸಾಲ ಪಡೆದಿದ್ದೆ. ಪತಿಯ ಕೆಲಸ ಹೋದ ಮೇಲೆ ಕಂತು ಕಟ್ಟಲಾಗಲಿಲ್ಲ. 2023ರಲ್ಲಿ ವಸೂಲಿಗೆ ಬಂದವರು ‘70,000 ಕಟ್ಟಿಬಿಡಿ, ಖಾತೆ ಮುಗಿಸುತ್ತೇವೆ’ ಎಂದರು. ಒಡವೆ ಅಡವಿಟ್ಟು ಕಟ್ಟಿದೆ. ವಾಟ್ಸ್‌ಆ್ಯಪ್ ಸಂದೇಶ ಬಿಟ್ಟರೆ ನನ್ನ ಬಳಿ ಬೇರೆ ಪತ್ರವಿಲ್ಲ. ಈಗ ಬೇರೊಂದು ಏಜೆನ್ಸಿಯವರು 1,12,000 ಬಾಕಿ ಇದೆ ಎಂದು ಬೆಳಿಗ್ಗೆ ಏಳಕ್ಕೇ ಫೋನ್ ಮಾಡುತ್ತಾರೆ. ನಮ್ಮ ಮುಖ್ಯೋಪಾಧ್ಯಾಯರಿಗೂ ನನ್ನ ಅಣ್ಣನಿಗೂ ಕರೆ ಮಾಡಿ ಸಾಲದ ವಿಷಯ ಹೇಳಿದ್ದಾರೆ. ‘ಪೊಲೀಸರನ್ನು ಕರೆದುಕೊಂಡು ಬರುತ್ತೇವೆ’ ಎನ್ನುತ್ತಾರೆ. ಈ ನಡುವೆ ಗೃಹಸಾಲಕ್ಕೆ ಹಾಕಿದ ಅರ್ಜಿ ತಿರಸ್ಕೃತವಾಯಿತು. ನನ್ನ ಸಾಲಗಳ ದಾಖಲೆಯಾದ ಸಿಬಿಲ್ ವರದಿ ತೆಗೆಸಿ ನೋಡಿದರೆ ನಾನು ಪಡೆಯದೇ ಇರುವ 8,000 ರೂಪಾಯಿಯ ಆ್ಯಪ್ ಸಾಲವೂ ನನ್ನ ಹೆಸರಿನಲ್ಲಿದೆ. ನನ್ನನ್ನು ಬಂಧಿಸಬಹುದೇ? ಅಣ್ಣ ಕಟ್ಟಬೇಕಾಗುತ್ತದೆಯೇ? ವರದಿ ಸರಿಪಡಿಸುವುದು ಹೇಗೆ? ಸದ್ಯ 2,000 ಕಟ್ಟಿ ಒಂದು ಸಣ್ಣ ಪತ್ರಕ್ಕೆ ಸಹಿ ಹಾಕಿದರೆ ತಿಂಗಳ ಕಾಲ ಸುಮ್ಮನಿರುತ್ತೇವೆ ಎನ್ನುತ್ತಿದ್ದಾರೆ. ಕಟ್ಟಲೇ?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಇವತ್ತೇ ಉತ್ತರ ಬೇಕು. ಆ 2,000 ರೂಪಾಯಿ ಕಟ್ಟಬೇಡಿ. ಆ ಪತ್ರಕ್ಕೆ ಸಹಿಯನ್ನಂತೂ ಹಾಕಲೇಬೇಡಿ. ಬಾಕಿ ಎಷ್ಟು, ಯಾರಿಗೆ, ಯಾವ ಲೆಕ್ಕದಲ್ಲಿ ಎಂಬುದು ಬ್ಯಾಂಕಿನ ಕಾಗದದಲ್ಲಿ ನಿಮ್ಮ ಕೈಗೆ ಬರುವವರೆಗೆ ಒಂದು ರೂಪಾಯಿಯೂ ಹೊರಗೆ ಹೋಗಬಾರದು.

ಕಾರಣ ಹೇಳುತ್ತೇನೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಅಡಮಾನವಿಲ್ಲದ ಸಾಲದ ವಸೂಲಿಗೆ ದಾವೆ ಹೂಡಲು ಸಾಲ ಕೊಟ್ಟವರಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಅವಕಾಶ. ಆ ಅವಧಿ ಮುಗಿಯುವ ಮೊದಲು ನೀವು ‘ಹೌದು, ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ, ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ. ಅವಧಿಯೊಳಗೆ ಸ್ವಲ್ಪ ಹಣ ಕಟ್ಟಿ, ಅದಕ್ಕೆ ನಿಮ್ಮ ಕೈಬರಹವೋ ಸಹಿಯೋ ಇದ್ದರೂ ಅದೇ ಪರಿಣಾಮ. ಅವಧಿ ಮುಗಿದುಹೋದ ಸಾಲವನ್ನು ಕೂಡ ‘ಕಟ್ಟುತ್ತೇನೆ’ ಎಂದು ಸಹಿ ಹಾಕಿ ಬರೆದುಕೊಟ್ಟರೆ, ಕರಾರು ಕಾಯ್ದೆಯ 25ನೇ ಕಲಮಿನಂತೆ ಆ ಮಾತು ನಿಮ್ಮನ್ನು ಮತ್ತೆ ಕಟ್ಟಿಹಾಕುತ್ತದೆ. ಏಜೆಂಟ್ ಕೇಳುತ್ತಿರುವ ‘ಸಣ್ಣ ಪತ್ರ’ದ ಬೆಲೆ 2,000 ರೂಪಾಯಿಗಿಂತ ಬಹಳ ದೊಡ್ಡದು. ನಿಮ್ಮ ಪ್ರಕರಣದಲ್ಲಿ ಮೂರು ವರ್ಷವನ್ನು ಯಾವ ದಿನದಿಂದ ಎಣಿಸಬೇಕು ಎಂಬುದು ಸಾಲದ ಒಪ್ಪಂದ, ಕೊನೆಯ ಕಂತು, 2023ರ ಪಾವತಿ ಎಲ್ಲವನ್ನೂ ನೋಡಿ ತೀರ್ಮಾನಿಸಬೇಕಾದ ವಿಷಯ. ಅದಕ್ಕಾಗಿಯೇ ಕಾಗದ ಮೊದಲು, ಹಣ ಆಮೇಲೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಡೆದ ಸಾಲವನ್ನು ತೀರಿಸಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸಾಲ ಉಳಿಸಿಕೊಂಡವರು ಮನುಷ್ಯರಾಗಿ ಬಾಳುವ ಹಕ್ಕನ್ನು ಬ್ಯಾಂಕಿಗೆ ಒತ್ತೆ ಇಟ್ಟಿರುವುದಿಲ್ಲ. ಇಪ್ಪತ್ತು ವರ್ಷಗಳಿಂದ ಗ್ರಾಹಕರ ಪರ ವಕಾಲತ್ತು ವಹಿಸುತ್ತಿರುವ ನಾನು ಕಂಡದ್ದು ಇದು: ಏಜೆಂಟರ ಬಲವೆಲ್ಲ ಫೋನಿನಲ್ಲಿದೆ, ನಿಮ್ಮ ಬಲವೆಲ್ಲ ಕಾಗದದಲ್ಲಿದೆ. ವ್ಯವಹಾರವನ್ನು ಫೋನಿನಿಂದ ಕಾಗದಕ್ಕೆ ಎಳೆದು ತಂದ ದಿನ ಅರ್ಧ ಭಯ ಹೋಗುತ್ತದೆ.

ಬಂಧನದ ವಿಷಯಕ್ಕೆ ಬರೋಣ. ಕಷ್ಟದಿಂದ ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ, ಅಪರಾಧವಲ್ಲ. ಪೊಲೀಸರಿಗೆ ಸಾಲ ವಸೂಲಿ ಮಾಡುವ ಅಧಿಕಾರವೇ ಇಲ್ಲ. ಬ್ಯಾಂಕ್ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ತೀರ್ಪು ಪಡೆದರೂ, ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಪುರುಷರ ವಿಷಯದಲ್ಲೂ, ಕೈಯಲ್ಲಿ ಹಣವಿದ್ದೂ ದುರುದ್ದೇಶದಿಂದ ಕೊಡದವರ ಮಾತು ಬೇರೆ, ಪ್ರಾಮಾಣಿಕವಾಗಿ ಕೊಡಲಾಗದವರ ಮಾತು ಬೇರೆ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ತೀರ್ಪು ನೀಡಿದೆ. ಡಿಕ್ರಿ ಬಂದ ಮೇಲೂ ಎಲ್ಲವನ್ನೂ ಹೊತ್ತೊಯ್ಯಲು ಬರುವುದಿಲ್ಲ. ಅದೇ ಸಂಹಿತೆಯ 60ನೇ ಕಲಮಿನಂತೆ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆ, ರೈತನ ನೇಗಿಲು ಮತ್ತು ಎತ್ತುಗಳನ್ನು ಜಪ್ತಿ ಮಾಡುವಂತಿಲ್ಲ. ಧಾರ್ಮಿಕ ಪದ್ಧತಿಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಆಭರಣಕ್ಕೂ ಇದೇ ರಕ್ಷಣೆ ಇದೆ. ‘ತಾಳಿ ಬಿಚ್ಚಿ ಕೊಡು’ ಎಂದು ಮನೆಯ ಮುಂದೆ ನಿಂತು ಕೂಗಿದವರ ಬಗ್ಗೆ ನನ್ನ ಬಳಿ ಅತ್ತವರಿದ್ದಾರೆ. ನ್ಯಾಯಾಲಯವೇ ಮುಟ್ಟಲಾಗದ್ದನ್ನು ದಾರಿಹೋಕನೊಬ್ಬ ಕೇಳುತ್ತಿದ್ದ. ಸಂಬಳದ ಜಪ್ತಿಗೂ ಮಿತಿ ಇದೆ: ಮೊದಲ 1,000 ರೂಪಾಯಿ ಮತ್ತು ಉಳಿದುದರಲ್ಲಿ ಮೂರನೇ ಎರಡು ಭಾಗ ನಿಮ್ಮದೇ.

ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ ಎಂಬುದಕ್ಕೆ ಒಂದು ಮುಖ್ಯ ಅಪವಾದ ಉಂಟು. ಸಾಲದ ಭದ್ರತೆಗೆಂದು ಚೆಕ್ ಕೊಟ್ಟಿದ್ದು ಅದು ಹಣವಿಲ್ಲದೆ ವಾಪಸಾದರೆ, ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ ವಿಫಲವಾದಾಗಲೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಡಿ ಅಂಥದ್ದೇ ಅವಕಾಶವಿದೆ. ಆದರೆ ಅದಕ್ಕೂ ಕ್ರಮ ಇದೆ. ಮೊದಲು ಲಿಖಿತ ನೋಟಿಸ್ ಬರಬೇಕು, ಹಣ ಕಟ್ಟಲು ನಿಮಗೆ 15 ದಿನ ಸಿಗಬೇಕು, ಆಮೇಲೆ ನ್ಯಾಯಾಲಯದ ಸಮನ್ಸ್. ಅಂಥ ನೋಟಿಸ್ ಅಥವಾ ಸಮನ್ಸ್ ಬಂದರೆ ದಯವಿಟ್ಟು ಬಾಗಿಲು ಹಾಕಿಕೊಳ್ಳಬೇಡಿ, ವಕೀಲರನ್ನು ಕಾಣಿ. ಮೊಬೈಲಿಗೆ ಬರುವ ‘ಅರೆಸ್ಟ್ ವಾರಂಟ್’ ಚಿತ್ರಗಳಿಗೆ ಮಾತ್ರ ಹೆದರಬೇಕಿಲ್ಲ. ನಿಜವಾದ ಪ್ರಕರಣಕ್ಕೆ ಸಂಖ್ಯೆ ಇರುತ್ತದೆ, ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ನೀವೇ ಹುಡುಕಿ ನೋಡಬಹುದು. ಲೋಕ ಅದಾಲತ್‌ನಿಂದ ಬಂದ ಪತ್ರವಾದರೆ ಅದು ರಾಜಿಗೆ ಕರೆ. ಕಾಯಂ ಲೋಕ ಅದಾಲತ್ ಅಲ್ಲದ ಸಾಮಾನ್ಯ ಲೋಕ ಅದಾಲತ್‌ನಲ್ಲಿ ನಿಮ್ಮ ಒಪ್ಪಿಗೆ ಇಲ್ಲದೆ ಯಾವ ಆದೇಶವೂ ಆಗುವುದಿಲ್ಲ. ನನ್ನ ಅನುಭವದಲ್ಲಿ ಹೋಗುವುದೇ ಒಳ್ಳೆಯದು, ಅಲ್ಲಿ ಬ್ಯಾಂಕಿನ ಅಧಿಕಾರಿಯೇ ಎದುರಿಗೆ ಸಿಗುತ್ತಾರೆ.

ಅಣ್ಣ ಜಾಮೀನುದಾರರಾಗಿ ಸಹಿ ಹಾಕಿಲ್ಲದಿದ್ದರೆ ಅವರಿಗೆ ಒಂದು ಪೈಸೆಯ ಹೊಣೆಯೂ ಇಲ್ಲ. ಅರ್ಜಿಯಲ್ಲಿ ಪರಿಚಯದವರೆಂದು ಅವರ ಹೆಸರು, ನಂಬರ್ ಬರೆದಿದ್ದರೂ ಅಷ್ಟೇ. ಜಾಮೀನು ಹಾಕಿದ್ದರೆ ಕತೆ ಬೇರೆ, ಆಗ ಅವರ ಹೊಣೆ ನಿಮ್ಮ ಹೊಣೆಯಷ್ಟೇ ಪೂರ್ತಿಯಾದದ್ದು.

ಈಗ ಫೋನ್ ಕರೆಗಳು. ಭಾರತೀಯ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಬ್ಯಾಂಕುಗಳಿಗೂ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೂ ಹೊರಡಿಸಿದ ಸೂಚನೆಯಲ್ಲಿ ವಸೂಲಿ ಏಜೆಂಟರು ಏನು ಮಾಡಬಾರದು ಎಂಬುದನ್ನು ಬಿಡಿಸಿ ಹೇಳಿದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಮಾತಿನಿಂದಾಗಲಿ ಕೈಯಿಂದಾಗಲಿ ಬೆದರಿಸುವಂತಿಲ್ಲ. ನಾಲ್ಕು ಜನರ ಮುಂದೆ ಅವಮಾನಿಸುವಂತಿಲ್ಲ. ಮನೆಯವರ, ಸ್ನೇಹಿತರ, ಪರಿಚಯಕ್ಕೆ ಹೆಸರು ಕೊಟ್ಟವರ ಖಾಸಗಿ ಬದುಕಿನೊಳಗೆ ನುಗ್ಗುವಂತಿಲ್ಲ. ಮೊಬೈಲಿಗೋ ಸಾಮಾಜಿಕ ಜಾಲತಾಣಕ್ಕೋ ಅಸಭ್ಯ ಸಂದೇಶ ಹಾಕುವಂತಿಲ್ಲ, ಹೆಸರು ಮರೆಸಿ ಕರೆ ಮಾಡುವಂತಿಲ್ಲ, ಸುಳ್ಳು ಹೇಳಿ ದಾರಿ ತಪ್ಪಿಸುವಂತಿಲ್ಲ. ನಿಮ್ಮ ಪತ್ರದಲ್ಲಿರುವ ಪ್ರತಿಯೊಂದು ಘಟನೆಯೂ ಈ ಪಟ್ಟಿಯ ಯಾವುದೋ ಒಂದು ನಿಷೇಧದೊಳಗೆ ಬರುತ್ತದೆ. ಏಳು ಗಂಟೆಯ ಕರೆ ಸಮಯದ ಉಲ್ಲಂಘನೆ. ಮುಖ್ಯೋಪಾಧ್ಯಾಯರಿಗೆ ಹೇಳಿದ್ದು ಅವಮಾನ. ಪೊಲೀಸರನ್ನು ಕರೆತರುತ್ತೇವೆ ಎಂದದ್ದು ಬೆದರಿಕೆ ಮತ್ತು ಸುಳ್ಳು.

‘ಏಜೆನ್ಸಿಯವರು ಮಾಡಿದ್ದು, ನಮಗೆ ಗೊತ್ತಿಲ್ಲ’ ಎಂದು ಬ್ಯಾಂಕ್ ಕೈತೊಳೆದುಕೊಳ್ಳಲು ಬರುವುದಿಲ್ಲ. ಏಜೆಂಟರ ನಡತೆಗೆ ಬ್ಯಾಂಕೇ ಹೊಣೆ ಎಂದು ಆ ಸೂಚನೆಯಲ್ಲೇ ಇದೆ. ಸಾಲ ವಸೂಲಿಗೆ ತೋಳ್ಬಲದವರನ್ನು ಬಳಸುವುದನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಕಟುವಾಗಿ ಖಂಡಿಸಿ, ಕಾನೂನಿನ ಮಾರ್ಗವೊಂದೇ ಮಾರ್ಗ ಎಂದಿದೆ. ಮನೆಗೆ ಬರುವ ಏಜೆಂಟರ ಬಳಿ ಗುರುತಿನ ಚೀಟಿ ಮತ್ತು ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಇರಬೇಕೆಂಬುದು 2008ರಿಂದಲೂ ಇರುವ ನಿಯಮ. ಬಾಗಿಲಲ್ಲೇ ಕೇಳಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ತೋರಿಸದಿದ್ದರೆ ಒಳಗೆ ಬಿಡಬೇಕಾಗಿಲ್ಲ. ಅದೇ ಸೂಚನೆಗಳಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಮಾತೊಂದಿದೆ: ಸಾಲಗಾರರು ಕೊಟ್ಟ ದೂರು ಬ್ಯಾಂಕಿನಲ್ಲಿ ಇತ್ಯರ್ಥವಾಗದೆ ಉಳಿದಿದ್ದರೆ, ಅದು ಹುರುಳಿಲ್ಲದ ದೂರು ಎಂದು ಬ್ಯಾಂಕಿಗೆ ಆಧಾರಸಹಿತ ಮನವರಿಕೆಯಾಗದ ಹೊರತು, ಪ್ರಕರಣವನ್ನು ವಸೂಲಿ ಏಜೆನ್ಸಿಗೆ ಒಪ್ಪಿಸುವಂತಿಲ್ಲ. ನೀವು ಬರೆಯುವ ಪತ್ರಕ್ಕೆ ಎಷ್ಟು ಶಕ್ತಿ ಇದೆ ಎಂಬುದು ಇದರಿಂದ ತಿಳಿಯುತ್ತದೆ.

ಮಹಿಳಾ ಸಂಘಗಳ ಮೂಲಕ ಕಿರುಸಾಲ ಪಡೆದ ಓದುಗರಿಗಾಗಿ ಒಂದು ಮಾತು. ಆ ಸಾಲಗಳಿಗೆ ನಿಯಮ ಇನ್ನೂ ಬಿಗಿ: ಬೆಳಿಗ್ಗೆ 9ರಿಂದ ಸಂಜೆ 6ರೊಳಗೆ ಮಾತ್ರ, ಅದೂ ಇಬ್ಬರೂ ಒಪ್ಪಿದ ಗೊತ್ತಾದ ಜಾಗದಲ್ಲಿ. ಸತತ ಎರಡು ಬಾರಿಯಾದರೂ ಸಾಲಗಾರರು ಅಲ್ಲಿಗೆ ಬಾರದಿದ್ದರೆ ಮಾತ್ರ ವಸೂಲಿಯವರು ಮನೆಗೋ ಕೆಲಸದ ಜಾಗಕ್ಕೋ ಬರಬಹುದು. 2025ರ ಆರಂಭದಲ್ಲಿ ಕಿರುಕುಳ ತಾಳಲಾರದೆ ನಮ್ಮ ಹಳ್ಳಿಗಳಲ್ಲಿ ಜನ ಊರು ಬಿಟ್ಟರು, ಜೀವ ಬಿಟ್ಟರು. ಆಗ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದು, ನೋಂದಣಿಯಿಲ್ಲದೆ ಸಾಲ ಕೊಟ್ಟು ಬಲವಂತದ ವಸೂಲಿ ಮಾಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಸಾಲ ಕೊಟ್ಟವರಿಗೆ ನೋಂದಣಿ ಇದೆಯೇ ಎಂದು ಕೇಳುವುದನ್ನು ಎಲ್ಲರೂ ಅಭ್ಯಾಸ ಮಾಡಿಕೊಳ್ಳಬೇಕು.

ನೀವು ಈ ವಾರ ಮಾಡಬೇಕಾದ ಕೆಲಸ ಒಂದು ಪತ್ರ. ಬ್ಯಾಂಕಿನ ಶಾಖೆಗೂ ಅದರ ಕುಂದುಕೊರತೆ ಅಧಿಕಾರಿಗೂ ಇ-ಮೇಲ್ ಮಾಡಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಏಜೆನ್ಸಿಗೆ ಬರೆಯುತ್ತ ಕೂರಬೇಡಿ. ಪತ್ರ ಹೀಗಿರಲಿ:

‘ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ಬ್ಯಾಂಕಿನ ಪರವಾಗಿ ಬಂದವರ ಸಂದೇಶದಂತೆ ಇಂಥ ದಿನ 70,000 ರೂಪಾಯಿಯನ್ನು ಇಂಥ ಖಾತೆಗೆ ಪೂರ್ಣ ಇತ್ಯರ್ಥವಾಗಿ ಪಾವತಿಸಿದ್ದೇನೆ. ಸಂದೇಶ ಮತ್ತು ನನ್ನ ಖಾತೆಯ ವಿವರದ ಪ್ರತಿ ಲಗತ್ತಿಸಿದೆ. ಸಾಲದ ಒಪ್ಪಂದದ ಪ್ರತಿ, ಆರಂಭದಿಂದ ಇಂದಿನವರೆಗಿನ ಖಾತೆಯ ವಿವರ, ಸೇರಿಸಿದ ಬಡ್ಡಿ ಮತ್ತು ದಂಡದ ಲೆಕ್ಕ, ಹಾಗೂ ಸಾಲವನ್ನು ಬೇರೆಯವರಿಗೆ ವರ್ಗಾಯಿಸಿದ್ದರೆ ಅದರ ವಿವರವನ್ನು ಒದಗಿಸಿ. ಈಗ ಕೇಳಲಾಗುತ್ತಿರುವ ಮೊತ್ತವನ್ನು ನಾನು ಒಪ್ಪಿಲ್ಲ. ಇಂಥ ಸಂಖ್ಯೆಗಳಿಂದ ಇಂಥ ದಿನ, ಇಷ್ಟು ಗಂಟೆಗೆ ಕರೆಗಳು ಬಂದಿವೆ. ನನ್ನ ಅಣ್ಣನಿಗೂ ಶಾಲೆಗೂ ಕರೆ ಮಾಡಿ ಸಾಲದ ವಿಷಯ ಬಯಲು ಮಾಡಲಾಗಿದೆ. ಇದು ರಿಸರ್ವ್ ಬ್ಯಾಂಕಿನ ಸೂಚನೆಗೆ ವಿರುದ್ಧ. ಇನ್ನು ಮುಂದೆ ಲಿಖಿತವಾಗಿ ಮಾತ್ರ ಸಂಪರ್ಕಿಸಿ. ಈ ಪತ್ರವನ್ನು ದೂರು ಎಂದು ನೋಂದಾಯಿಸಿ, ದೂರಿನ ಸಂಖ್ಯೆ ತಿಳಿಸಿ.’

‘ಈಗ ಕೇಳಲಾಗುತ್ತಿರುವ ಮೊತ್ತವನ್ನು ನಾನು ಒಪ್ಪಿಲ್ಲ’ ಎಂಬ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ನಿಮ್ಮ ಪತ್ರವನ್ನೇ ಸಾಲದ ಒಪ್ಪಿಗೆ ಎಂದು ನಾಳೆ ತೋರಿಸಬಹುದು.

2023ರ ರಾಜಿಯ ಬಗ್ಗೆ ನಿಜ ಹೇಳಬೇಕು. ಪತ್ರವಿಲ್ಲದ ರಾಜಿ ದುರ್ಬಲ, ಆದರೆ ಸತ್ತದ್ದಲ್ಲ. ಹಣ ಬ್ಯಾಂಕಿನ ಸಾಲದ ಖಾತೆಗೇ ಹೋಗಿದೆಯೋ ಏಜೆಂಟರ ಸ್ವಂತ ಖಾತೆಗೆ ಹೋಗಿದೆಯೋ ಎಂಬುದನ್ನು ನಿಮ್ಮ ಪಾಸ್‌ಬುಕ್‌ನಲ್ಲಿ ಮೊದಲು ನೋಡಿ. ಬ್ಯಾಂಕಿಗೇ ಹೋಗಿದ್ದರೆ, ‘ಇಷ್ಟಕ್ಕೆ ಮುಗಿಸುತ್ತೇವೆ’ ಎಂದ ಸಂದೇಶ ಮತ್ತು ಅಷ್ಟೇ ಮೊತ್ತದ ಪಾವತಿ ಎರಡೂ ಸೇರಿ ಒಳ್ಳೆಯ ಸಾಕ್ಷ್ಯ. ಏಜೆಂಟರ ಖಾತೆಗೆ ಹೋಗಿದ್ದರೆ ಅದು ವಂಚನೆಯ ದೂರು ಕೊಡಬೇಕಾದ ವಿಷಯವೂ ಆಗುತ್ತದೆ. ಆ ಸಂದೇಶವಿರುವ ಫೋನನ್ನು ಮಾರಬೇಡಿ, ಬದಲಾಯಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಾಟ್ಸ್‌ಆ್ಯಪ್ ಸಂದೇಶ, ಕರೆಯ ಧ್ವನಿಮುದ್ರಣ ಇವನ್ನು ಪ್ರಮಾಣಪತ್ರದೊಂದಿಗೆ ನ್ಯಾಯಾಲಯದ ಮುಂದಿಡಬಹುದು. ಇನ್ನು ಮುಂದೆ ಬರುವ ಬೆದರಿಕೆಯ ಕರೆಗಳನ್ನು ಧ್ವನಿಮುದ್ರಿಸಿಕೊಳ್ಳಿ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಸಮಯ, ನಂಬರ್, ಆಡಿದ ಮಾತು ಬರೆದಿಡಿ. ಶಿಕ್ಷಕಿಯಾದ ನಿಮಗೆ ಹಾಜರಿ ಪುಸ್ತಕದ ಶಿಸ್ತು ಹೊಸದೇನಲ್ಲ, ಅದೇ ಶಿಸ್ತು ಇಲ್ಲಿ ನಿಮ್ಮನ್ನು ಕಾಯುತ್ತದೆ.

ಬೆದರಿಕೆ ಮುಂದುವರಿದರೆ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಕ್ರಿಮಿನಲ್ ಬೆದರಿಕೆಗೆ, 356 ಮಾನಹಾನಿಗೆ, 79 ಮಹಿಳೆಯ ಮರ್ಯಾದೆಗೆ ಧಕ್ಕೆ ತರುವ ಮಾತು ಮತ್ತು ವರ್ತನೆಗೆ ಸಂಬಂಧಿಸಿದವು. ‘ಸಾಲದ ವ್ಯವಹಾರ, ನೀವೇ ಮಾತಾಡಿಕೊಳ್ಳಿ’ ಎಂದು ಠಾಣೆಯಲ್ಲಿ ಹೇಳಿದರೆ, ‘ಸಾಲದ ಬಗ್ಗೆ ನನ್ನ ದೂರಿಲ್ಲ, ಬೆದರಿಕೆಯ ಬಗ್ಗೆ ದೂರು’ ಎಂದು ಸ್ಪಷ್ಟವಾಗಿ ಹೇಳಿ.

ಇನ್ನು ಸಿಬಿಲ್. ನಾವೆಲ್ಲ ಸಿಬಿಲ್ ಎಂದೇ ಕರೆಯುತ್ತೇವೆ, ಆದರೆ ದೇಶದಲ್ಲಿ ಇಂಥ ವರದಿ ಕೊಡುವ ಸಾಲ ಮಾಹಿತಿ ಸಂಸ್ಥೆಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ಸಾಲ ಮಾಹಿತಿ ಕಂಪನಿಗಳ 2005ರ ಕಾಯ್ದೆ ಇವನ್ನು ನಿಯಂತ್ರಿಸುತ್ತದೆ. ನಾಲ್ಕರಿಂದಲೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಿಮಗಿದೆ. ನಾಲ್ಕನ್ನೂ ತೆಗೆಸಿ. ಒಂದರಲ್ಲಿ ಇಲ್ಲದ ತಪ್ಪು ಇನ್ನೊಂದರಲ್ಲಿ ಕೂತಿರುತ್ತದೆ. ಆಯಾ ಸಂಸ್ಥೆಯ ಸ್ವಂತ ಜಾಲತಾಣಕ್ಕೇ ಹೋಗಿ. ‘ಉಚಿತ ಸ್ಕೋರ್’ ಎಂದು ಕರೆಯುವ ಆ್ಯಪ್‌ಗಳಿಗೆ ಪ್ಯಾನ್ ಸಂಖ್ಯೆ ಕೊಟ್ಟರೆ ಮರುದಿನದಿಂದ ಹೊಸ ಸಾಲ ಬೇಕೇ ಎಂಬ ಕರೆಗಳು ಶುರುವಾಗಬಹುದು.

ಎಲ್ಲರೂ ನೋಡುವುದು 300ರಿಂದ 900ರ ನಡುವಿನ ಆ ಒಂದು ಅಂಕಿಯನ್ನು. ನಾನು ನೋಡುವುದು ಅದರ ಕೆಳಗಿನ ಪುಟಗಳನ್ನು. ಪ್ರತಿ ಸಾಲಕ್ಕೂ ತಿಂಗಳು ತಿಂಗಳು ಎಷ್ಟು ದಿನ ತಡವಾಯಿತು ಎಂಬ ಲೆಕ್ಕ ಅಲ್ಲಿರುತ್ತದೆ. 90 ದಿನ ದಾಟಿದರೆ ಅದು ವಸೂಲಾಗದ ಸಾಲದ ವರ್ಗಕ್ಕೆ ಸೇರುತ್ತದೆ. ಖಾತೆಯ ಸ್ಥಿತಿಯ ಕಡೆಗೂ ಗಮನವಿರಲಿ. ‘ಮುಚ್ಚಲಾಗಿದೆ’ ಎಂದರೆ ಪೂರ್ತಿ ತೀರಿದೆ. ‘ಸೆಟಲ್ಡ್’ ಎಂದರೆ ಬ್ಯಾಂಕ್ ಕಡಿಮೆ ಹಣಕ್ಕೆ ಒಪ್ಪಿ ಉಳಿದದ್ದನ್ನು ಬಿಟ್ಟಿದೆ. ‘ರೈಟನ್ ಆಫ್’ ಎಂದಿದ್ದರೆ ಬ್ಯಾಂಕ್ ತನ್ನ ಲೆಕ್ಕದ ಪುಸ್ತಕದಿಂದ ಅದನ್ನು ಪಕ್ಕಕ್ಕಿಟ್ಟಿದೆ ಎಂದಷ್ಟೇ ಅರ್ಥ. ಬಹಳ ಜನ ಇದನ್ನು ಸಾಲ ಮನ್ನಾ ಎಂದು ತಿಳಿದು ನಿಶ್ಚಿಂತರಾಗುತ್ತಾರೆ, ಅದು ಮನ್ನಾ ಅಲ್ಲ, ವಸೂಲಿಯ ಹಕ್ಕು ಉಳಿದೇ ಇರುತ್ತದೆ. ನಿಮ್ಮ ವರದಿಯಲ್ಲಿ ಬ್ಯಾಂಕಿನ ಸಾಲದ ಮುಂದೆ ಇವುಗಳಲ್ಲಿ ಯಾವುದಿದೆ ಎಂದು ನೀವು ಬರೆದಿಲ್ಲ. 70,000ಕ್ಕೆ ರಾಜಿಯಾದದ್ದು ಸಾಬೀತಾದರೆ ‘ಸೆಟಲ್ಡ್’ ಎಂದು ಇರಬೇಕು, ಬಾಕಿ ಸೊನ್ನೆ ಇರಬೇಕು. ‘ಮುಚ್ಚಲಾಗಿದೆ’ ಎಂದು ಆಗಬೇಕಾದರೆ ಬ್ಯಾಂಕ್ ಬಿಟ್ಟುಕೊಟ್ಟ ಮೊತ್ತವನ್ನೂ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ಪಡೆದು, ಮಾಹಿತಿ ಬದಲಿಸಲು ಕೇಳಬೇಕು. ಗೃಹಸಾಲ ನಿಮಗೆ ಮುಖ್ಯವಾಗಿದ್ದರೆ ಮುಂದೊಂದು ದಿನ ಅದನ್ನು ಯೋಚಿಸಬಹುದು. ನಿಜವಾಗಿ ತಪ್ಪಿದ ಕಂತುಗಳ ದಾಖಲೆಯನ್ನು ಮಾತ್ರ ಯಾರೂ ಅಳಿಸಲಾರರು. ‘ಹದಿನೈದು ದಿನದಲ್ಲಿ ಸಿಬಿಲ್ ಸರಿ ಮಾಡಿಕೊಡುತ್ತೇವೆ’ ಎಂದು ಹಣ ಕೇಳುವವರು ಮಾರುತ್ತಿರುವುದು ನೀವೇ ಉಚಿತವಾಗಿ ಮಾಡಬಹುದಾದ ಕೆಲಸವನ್ನು, ಇಲ್ಲವೇ ಯಾರಿಂದಲೂ ಆಗದ ಕೆಲಸವನ್ನು.

ನೀವು ಪಡೆಯದ 8,000 ರೂಪಾಯಿ ಸಾಲದ ವಿಷಯದಲ್ಲಿ ನಿಮ್ಮ ಕೈ ಬಲವಾಗಿದೆ. ವರದಿಯ ಮೇಲಿರುವ ನಿಯಂತ್ರಣ ಸಂಖ್ಯೆಯನ್ನು (ಕಂಟ್ರೋಲ್ ನಂಬರ್) ಬರೆದುಕೊಂಡು, ಆ ಸಂಸ್ಥೆಯ ಜಾಲತಾಣದಲ್ಲಿ ‘ಈ ಖಾತೆ ನನ್ನದಲ್ಲ’ ಎಂದು ಆಕ್ಷೇಪ ದಾಖಲಿಸಿ. ಶುಲ್ಕವಿಲ್ಲ. ಸಾಲ ಮಾಹಿತಿ ಸಂಸ್ಥೆ ತಾನಾಗಿ ಏನನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟ ಸಂಸ್ಥೆಯನ್ನು ಕೇಳಿ, ಅದು ಒಪ್ಪಿದರೆ ತಿದ್ದುತ್ತದೆ. ಆದ್ದರಿಂದ ಸಾಲ ಕೊಟ್ಟ ಸಂಸ್ಥೆಗೂ ಅದೇ ದಿನ ಬರೆಯಿರಿ. ಆ ಪತ್ರದಲ್ಲಿ ಒಂದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ: ಸಾಲದ ಹಣ ಯಾವ ಬ್ಯಾಂಕ್ ಖಾತೆಗೆ ಹೋಯಿತು? ಡಿಜಿಟಲ್ ಸಾಲದ ಹಣ ಸಾಮಾನ್ಯವಾಗಿ ಸಾಲಗಾರರ ಸ್ವಂತ ಖಾತೆಗೇ ನೇರವಾಗಿ ಜಮೆಯಾಗಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಅದು ನಿಮ್ಮ ಖಾತೆಯಲ್ಲದಿದ್ದರೆ ಆ ಸಂಸ್ಥೆಯ ವಾದ ಅಲ್ಲಿಗೇ ಕುಸಿಯುತ್ತದೆ. ಜೊತೆಗೆ ಸಾಲದ ಒಪ್ಪಂದ, ಬಳಸಿದ ಗುರುತಿನ ದಾಖಲೆ, ಮೊಬೈಲ್ ಸಂಖ್ಯೆ ಇವನ್ನೂ ಕೇಳಿ. ನಿಮ್ಮ ಪ್ಯಾನ್ ದುರ್ಬಳಕೆಯಾಗಿರುವಂತಿದೆ, ಆದ್ದರಿಂದ 1930ಕ್ಕೆ ಕರೆ ಮಾಡಿ ಸೈಬರ್ ಅಪರಾಧದ ದೂರನ್ನೂ ದಾಖಲಿಸಿ, ಅದರ ಸಂಖ್ಯೆಯನ್ನು ಎರಡೂ ಪತ್ರಗಳಲ್ಲಿ ನಮೂದಿಸಿ. ಸಾಲದ ಆ್ಯಪ್‌ಗಳು ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳನ್ನಾಗಲಿ ಚಿತ್ರಗಳನ್ನಾಗಲಿ ತೆಗೆದುಕೊಳ್ಳುವಂತಿಲ್ಲ ಎಂಬುದೂ ನೆನಪಿರಲಿ.

ದೂರು ಕೊಟ್ಟ 30 ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಇದರಲ್ಲಿ ಸಾಲ ಕೊಟ್ಟ ಸಂಸ್ಥೆಗೆ 21 ದಿನ. ತಡವಾದರೆ ಪ್ರತಿ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದ್ದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 75ನೇ ದಿನ ಸರಿಹೋಯಿತು ಎಂದರೆ 45 ದಿನಕ್ಕೆ 4,500 ರೂಪಾಯಿ. ಸಾಲ ಕೊಟ್ಟ ಸಂಸ್ಥೆ 21 ದಿನದಲ್ಲಿ ಉತ್ತರಿಸದಿದ್ದರೆ ಅದೇ ಕೊಡಬೇಕು, ಅದು ಸಮಯಕ್ಕೆ ಉತ್ತರ ಕಳುಹಿಸಿಯೂ ಸಾಲ ಮಾಹಿತಿ ಸಂಸ್ಥೆ ಸುಮ್ಮನೆ ಕೂತಿದ್ದರೆ ಸಾಲ ಮಾಹಿತಿ ಸಂಸ್ಥೆ ಕೊಡಬೇಕು. ಆದ್ದರಿಂದಲೇ ದೂರು ಕೊಟ್ಟ ದಿನದ ಸಾಕ್ಷಿ ಬಹಳ ಮುಖ್ಯ. ನಿಮ್ಮ ಕೋರಿಕೆಯನ್ನು ತಿರಸ್ಕರಿಸಿದರೆ ಕಾರಣ ತಿಳಿಸುವುದೂ ಅವರ ಕರ್ತವ್ಯ. ರಿಸರ್ವ್ ಬ್ಯಾಂಕಿನ ಆದೇಶದಂತೆ, ಯಾರಾದರೂ ನಿಮ್ಮ ವರದಿಯನ್ನು ತೆಗೆದು ನೋಡಿದಾಗ ನಿಮಗೆ ಸಂದೇಶ ಬರಬೇಕು. ಹಳೆಯ ಮೊಬೈಲ್ ಸಂಖ್ಯೆ ದಾಖಲಾಗಿದ್ದರೆ ಇಂದೇ ಬದಲಿಸಿ. ನಿಮ್ಮ ಹೆಸರಲ್ಲಿ ಇನ್ನೊಂದು ಸಾಲ ಹುಟ್ಟುವ ಮೊದಲೇ ಎಚ್ಚರಿಸುವ ಗಂಟೆ ಅದು.

ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ತೃಪ್ತಿ ತರದಿದ್ದರೆ, ಗ್ರಾಹಕರ ದೂರು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಹೋಗಿ. 2022ರ ಸೆಪ್ಟೆಂಬರ್‌ನಿಂದ ಸಾಲ ಮಾಹಿತಿ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬಂದಿವೆ. ದೂರನ್ನು ರಿಸರ್ವ್ ಬ್ಯಾಂಕಿನ ದೂರು ನಿರ್ವಹಣಾ ಜಾಲತಾಣದಲ್ಲೇ ಸಲ್ಲಿಸಬಹುದು, ಮಾಹಿತಿಗೆ 14448 ಸಂಖ್ಯೆ ಇದೆ. ಶುಲ್ಕವಿಲ್ಲ. ವಕೀಲರ ಮೂಲಕ ದೂರು ಸಲ್ಲಿಸಲು ಅಲ್ಲಿ ಅವಕಾಶವೇ ಇಲ್ಲ, ನೀವೇ ಬರೆಯಬೇಕು. ವಕೀಲೆಯಾಗಿಯೂ ಇದನ್ನು ನಾನು ಒಳ್ಳೆಯ ನಿಯಮ ಎಂದೇ ಭಾವಿಸುತ್ತೇನೆ, ಏಕೆಂದರೆ ನಡೆದದ್ದನ್ನು ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಲಾರರು. 2021ರ ಯೋಜನೆಯಂತೆ ನಷ್ಟಕ್ಕೆ 20 ಲಕ್ಷ ರೂಪಾಯಿವರೆಗೆ, ಇದರ ಜೊತೆಗೆ ಮಾನಸಿಕ ಹಿಂಸೆ ಮತ್ತು ಓಡಾಟಕ್ಕೆ 1 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಓಂಬುಡ್ಸ್‌ಮನ್‌ಗೆ ಸಿಕ್ಕಿತು. ಅಷ್ಟು ಸಿಗುತ್ತದೆಂದು ಆಸೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ಓಂಬುಡ್ಸ್‌ಮನ್ ಕಚೇರಿಯಿಂದ ಕಾಗದ ಹೋದ ಮೇಲೆ ಬ್ಯಾಂಕಿನ ಧ್ವನಿ ಬದಲಾಗುವುದನ್ನು ಎಷ್ಟೋ ಬಾರಿ ನೋಡಿದ್ದೇನೆ.

ಜಿಲ್ಲಾ ಗ್ರಾಹಕರ ಆಯೋಗ ಇನ್ನೊಂದು ದಾರಿ. ಸೇವಾ ನ್ಯೂನತೆಯ ದೂರನ್ನು ಎರಡು ವರ್ಷದೊಳಗೆ ಕೊಡಬೇಕು. 2019ರ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ಬ್ಯಾಂಕಿನ ಮುಖ್ಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ಆದರೆ ಒಂದೇ ವಿಷಯವನ್ನು ಎರಡೂ ಕಡೆ ಒಟ್ಟಿಗೆ ಹಾಕಬೇಡಿ. ಆಯೋಗದಲ್ಲಿ ನಡೆಯುತ್ತಿರುವುದನ್ನು ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ನಿಮಗೆ ನನ್ನ ಸಲಹೆ ಮೊದಲು ಓಂಬುಡ್ಸ್‌ಮನ್. ವಕೀಲರು ಬೇಕಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಿ, ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಅಲ್ಲಿ ಕಾನೂನು ನೆರವು ಉಚಿತ. ಸಹಾಯವಾಣಿ 15100.

ಮುಂದೆ ಲೆಕ್ಕಪತ್ರ ಬಂದು, ನಿಜಕ್ಕೂ ಏನೋ ಬಾಕಿ ಇದೆ ಎಂದು ತಿಳಿದರೆ, ಮತ್ತೆ ರಾಜಿಗೆ ಕೂರಲು ಸಂಕೋಚ ಬೇಡ. ಈ ಸಲ ಕ್ರಮ ತಿರುವುಮುರುವಾಗಲಿ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ, ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಕೊನೆಯ ದಿನ, ‘ಇದು ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಮಾತು, ವರದಿಯಲ್ಲಿ ಏನೆಂದು ನಮೂದಿಸುತ್ತಾರೆ ಎಂಬುದು, ಅಧಿಕಾರಿಯ ಸಹಿ ಎಲ್ಲ ಇರುವ ಪತ್ರ ಕೈಗೆ ಬಂದ ನಂತರ, ಸಾಲದ ಖಾತೆಗೇ ನೇರವಾಗಿ ಹಣ ಕಟ್ಟಿ. ನಗದು ಬೇಡ. ಬಾಕಿ ಇಲ್ಲ ಎಂಬ ಪತ್ರವನ್ನು ಪಡೆದು ಜೋಪಾನ ಮಾಡಿ, ಎರಡು ತಿಂಗಳ ನಂತರ ಮತ್ತೊಮ್ಮೆ ವರದಿ ತೆಗೆಸಿ ನೋಡಿ.

ಮರ್ಯಾದೆಗೆ ಅಂಜಿ ಯಾರಿಗೂ ಹೇಳಿಲ್ಲ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ನನಗೆ ಹೆಚ್ಚು ಚಿಂತೆಯಾಗಿರುವುದು ಇದೇ. ಏಜೆಂಟರು ಅಣ್ಣನಿಗೂ ಮುಖ್ಯೋಪಾಧ್ಯಾಯರಿಗೂ ಕರೆ ಮಾಡುವುದು ಆ ಅಂಜಿಕೆಯನ್ನು ನಂಬಿಕೊಂಡೇ. ನೀವೇ ಮೊದಲು ಇಬ್ಬರ ಹತ್ತಿರ ಹೋಗಿ, ‘ಸಾಲದ ವಿಷಯದಲ್ಲಿ ತಕರಾರಿದೆ, ಲಿಖಿತ ದೂರು ಕೊಟ್ಟಿದ್ದೇನೆ, ನಿಮಗೆ ಕರೆ ಬಂದರೆ ನಂಬರ್ ಮತ್ತು ಸಮಯ ಬರೆದುಕೊಂಡು ನನಗೆ ಕೊಡಿ’ ಎಂದು ಹೇಳಿ. ಅಲ್ಲಿಂದ ಮುಂದೆ ಅವರು ನಿಮ್ಮ ಸಾಕ್ಷಿಗಳು. ರಾತ್ರಿ ನಿದ್ದೆ ಬಾರದೆ ಮನಸ್ಸು ಬೇಡದ ಕಡೆ ಹೋಗುತ್ತಿದ್ದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು.

ಬ್ಯಾಂಕಿನಿಂದ ಖಾತೆಯ ವಿವರ ಬಂದ ಮೇಲೆ, ಕೊನೆಯ ಕಂತಿನ ದಿನಾಂಕ ಮತ್ತು 70,000 ರೂಪಾಯಿ ಯಾವ ಖಾತೆಗೆ ಹೋಯಿತು ಎಂಬ ಎರಡು ವಿಷಯಗಳೊಂದಿಗೆ ಮತ್ತೊಮ್ಮೆ ಬರೆಯಿರಿ. ಕಾಲಮಿತಿಯ ಲೆಕ್ಕವನ್ನು ಆಗ ಖಚಿತವಾಗಿ ಹೇಳುತ್ತೇನೆ.